ಶರಾವತಿ ಹಿನ್ನೀರಿಗೆ ಚಪ್ಪಟೆ ತಳದ ದೋಣಿಯೋ, ವಿ ತಳದ್ದೋ?

ಆಚೆ ದಡದ ಅಡಿಕೆ ತೋಟಕ್ಕೆ ಹೋಗಿಬರಲು, ಬಿಡುವಾದಾಗ ಮೀನು ಹಿಡಿಯಲು ಒಂದು ದೋಣಿ ಬೇಕು ಅಂದಿದ್ದೀರಿ. ನೋಡಿಟ್ಟಿರುವುದು ಎರಡು ಹಳೇ ಅಲ್ಯೂಮಿನಿಯಂ ದೋಣಿ: 12 ಅಡಿಯ ಚಪ್ಪಟೆ ತಳದ್ದು, 14 ಅಡಿಯ ವಿ ತಳದ್ದು, ಅಂದರೆ ಇಂಗ್ಲಿಷಿನ V ಅಕ್ಷರದ ಹಾಗೆ ಚೂಪಾದ ತಳದ್ದು. ಮಳೆಗಾಲದಲ್ಲೂ ಅಮ್ಮ, ಮಕ್ಕಳು ಜೊತೆಗೆ ಬರುತ್ತಾರೆ ಅಂತಲೂ ಬರೆದಿದ್ದೀರಿ. ಹಾಗಿದ್ದರೆ ವಿ ತಳದ್ದನ್ನೇ ತಗೊಳ್ಳಿ.

ನಾನು ಸಾಗರ ತಾಲೂಕಿನ ಹಿನ್ನೀರಿನ ದಂಡೆಯವನು. ಆರು ವರ್ಷ ಚಪ್ಪಟೆ ತಳದ ದೋಣಿ ಓಡಿಸಿದ್ದೇನೆ. ಅದು ಕೆಟ್ಟ ದೋಣಿಯಲ್ಲ. ನಿಂತ ನೀರಿನಲ್ಲಿ ಎದ್ದು ಬಲೆ ಬೀಸಿದರೂ ಜಾಸ್ತಿ ಅಲುಗುವುದಿಲ್ಲ. ಮೊಣಕಾಲುದ್ದ ನೀರಿದ್ದರೂ ಸಾಕು, ದಡದ ತನಕ ಬರುತ್ತದೆ. ಬರೀ ಮೀನಿಗಾದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಆದರೆ ಲಿಂಗನಮಕ್ಕಿ ಆಣೆಕಟ್ಟು ತುಂಬುತ್ತಾ ಬಂದ ಹಾಗೆ ಈ ನೀರಿನ ಸ್ವಭಾವವೇ ಬೇರೆ. ಗಾಳಿಗೆ ಅಡ್ಡವಾಗಿ ಏನೂ ಇರುವುದಿಲ್ಲ. ಅದು ನೀರಿನ ಮೇಲೆ ಎಷ್ಟು ದೂರ ಓಡಿ ಬರುತ್ತದೋ ತೆರೆ ಅಷ್ಟು ಏಳುತ್ತದೆ. ಒಂದು ಆಷಾಢದಲ್ಲಿ ಅಡಿಕೆಯ ಕೊಳೆರೋಗದ ಔಷಧಿಗೆ ಸುಣ್ಣದ ಚೀಲ ಹಾಕಿಕೊಂಡು ಹೊರಟಿದ್ದೆ. ನಡುನೀರಿಗೆ ಬರುವಾಗ ಗಾಳಿ ಎದ್ದಿತು. ಚಪ್ಪಟೆ ತಳ ತೆರೆಯನ್ನು ಸೀಳುವುದಿಲ್ಲ ಮಾರಾಯ್ರೇ, ಅದರ ಮೇಲೆ ಹತ್ತಿ ದಬ್ ಅಂತ ಬೀಳುತ್ತದೆ. ಮುಂದಿನ ಅಂಚು ತಗ್ಗು, ಪ್ರತಿ ಸಲ ನೀರು ಒಳಗೆ. ಒಂದು ಕೈಯಲ್ಲಿ ಇಂಜಿನ್, ಇನ್ನೊಂದು ಕೈಯಲ್ಲಿ ನೀರು ಹೊರಹಾಕುವ ಡಬ್ಬಿ. ಅವತ್ತು ನನ್ನ ಮಗಳು ಜೊತೆಗಿರಲಿಲ್ಲ. ಇದ್ದಿದ್ದರೆ ಅನ್ನುವ ಯೋಚನೆ ಇವತ್ತಿಗೂ ಬಿಟ್ಟಿಲ್ಲ. ಮರು ವರ್ಷವೇ ವಿ ತಳದ್ದು ತಂದೆ.

ಇದರಲ್ಲೂ ತೊಂದರೆ ಇದೆ. ಹತ್ತುವಾಗ ಒಂದು ಕಡೆ ವಾಲುತ್ತದೆ. ಹಾಗಾಗಿ ಅಮ್ಮನನ್ನು ನಡುವೆ ಕಾಲಿಡಿಸಿ, ತಕ್ಷಣ ಕೂರಿಸಿ. ಪೆಟ್ರೋಲ್ ಸ್ವಲ್ಪ ಜಾಸ್ತಿ ಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ದಡದಿಂದ ದೂರದಲ್ಲೇ ತಳ ಕೆಸರಿಗೆ ತಾಗುತ್ತದೆ. 1964ರಲ್ಲಿ ಆಣೆಕಟ್ಟು ಮುಗಿದು ಕಾಡು ಮುಳುಗಿತಲ್ಲ, ಆ ಮರಗಳ ಬೊಡ್ಡೆಗಳು ಇನ್ನೂ ಕೆಳಗೆ ನಿಂತಿವೆ. ಏಪ್ರಿಲ್, ಮೇ ತಿಂಗಳಲ್ಲಿ ದಡ ಹತ್ತಿರವಾದಾಗ ಇಂಜಿನ್ ಮೇಲೆತ್ತಿ ಹುಟ್ಟು ಹಾಕಿ. ಗಾಳಿ ಜೋರಿದ್ದ ದಿನ ವಿ ತಳವಿದ್ದರೂ ಹೊರಡಬೇಡಿ. ಲೈಫ್ ಜಾಕೆಟ್ ಎಲ್ಲರಿಗೂ ಬೇಕು.

ಕೊಳ್ಳುವ ಮೊದಲು ದೋಣಿಯನ್ನು ಎರಡು ದಿಮ್ಮಿ ಮೇಲಿಟ್ಟು ಒಳಗೆ ನಾಲ್ಕೈದು ಕೊಡ ನೀರು ಸುರಿಯಿರಿ. ತಗಡು ಜೋಡಿಸಿದ ರಿವೆಟ್ ಮೊಳೆ ಸಡಿಲವಾಗಿದ್ದರೆ ತಳದಲ್ಲಿ ಹನಿ ಕಾಣುತ್ತದೆ. ಇಂಜಿನ್ ಕೂರುವ ಹಿಂದಿನ ಹಲಗೆಯನ್ನು ಚಾಕುವಿನಿಂದ ಚುಚ್ಚಿ ನೋಡಿ, ಮೆತ್ತಗಿದ್ದರೆ ಅದು ಕೊಳೆತಿದೆ. ಇನ್ನೊಂದು, ಕೊಳೆ ಔಷಧಿಗೆ ಸುಣ್ಣದ ಜೊತೆ ಬೆರೆಸುವ ಮೈಲುತುತ್ತ ಒಯ್ಯುವಾಗ ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಇಡಿ. ಒದ್ದೆಯಾದ ಮೈಲುತುತ್ತ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಚೆಲ್ಲಿದರೆ ಅವತ್ತೇ ತೊಳೆದುಬಿಡಿ.