ಹಬ್ಸ್ ಕೋಣೆಗೆ ಹೆಡ್‌ಸೆಟ್ ಬೇಕಿಲ್ಲ

ಬ್ರೌಸರಿನಲ್ಲೇ 3ಡಿ ಕೋಣೆಯೊಂದಕ್ಕೆ ಹೊಕ್ಕು ಇತರರೊಡನೆ ಮಾತಾಡುವ ಸೇವೆಯಾದ ಮೊಜಿಲ್ಲಾ ಹಬ್ಸ್‌ನ ಹಳೆಯ ಕೊಂಡಿ ಏಕೆ ತೆರೆಯುತ್ತಿಲ್ಲ, ಕಣ್ಣಿಗೆ ಧರಿಸುವ ವಿಆರ್ ಹೆಡ್‌ಸೆಟ್ ಕೊಳ್ಳಲೇಬೇಕೇ ಎಂದು ಕೇಳಿದ್ದೀರಿ. ಸುಮ್ಮನೆ ದುಡ್ಡು ಸುರಿಯಬೇಡಿ, ದೋಷ ನಿಮ್ಮ ಕಡೆಯದಲ್ಲ. ಮೊಜಿಲ್ಲಾ ಆ ಸೇವೆಯನ್ನು 2024ರ ಮೇ 31ಕ್ಕೆ ನಿಲ್ಲಿಸಿತು. ಆದರೆ ಅದರ ಕೋಡ್ ಮುಕ್ತವಾಗಿರುವುದರಿಂದ ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ನಡೆಸಬಹುದು. ಕೊಂಡಿ ಕಳಿಸಿದವರನ್ನೇ ಹೊಸ ವಿಳಾಸವಿದೆಯೇ ಎಂದು ಕೇಳಿ.

ಒಳಹೊಕ್ಕ ಮೇಲೆ ನಡೆದಾಡಲು ಕೀಬೋರ್ಡಿನ ಡಬ್ಲ್ಯು, ಎ, ಎಸ್, ಡಿ ಕೀಲಿಗಳು ಸಾಕು. ಬ್ರೌಸರ್ ಮೈಕ್ ಅನುಮತಿ ಕೇಳಿದಾಗ ಒಪ್ಪಿಕೊಳ್ಳಿ, ಇಲ್ಲವಾದರೆ ಮೂಕ ಬೊಂಬೆಯಂತೆ ನಿಂತಿರುತ್ತೀರಿ. ಚಿತ್ರ ತಡವರಿಸಿದರೆ ಕ್ರೋಮ್ ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಗ್ರಾಫಿಕ್ಸ್ ಆಕ್ಸಿಲರೇಶನ್ (ಚಿತ್ರ ಮೂಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ವಹಿಸುವ ಆಯ್ಕೆ) ಆನ್ ಆಗಿದೆಯೇ ನೋಡಿ. ನಾನು ಅದೊಂದನ್ನು ನೋಡದೆ ಒಂದಿಡೀ ಸಂಜೆ ಇಂಟರ್ನೆಟ್ಟನ್ನು ಬೈಯುತ್ತಾ ಕುಳಿತಿದ್ದೆ.