ಮರು: ನಿದ್ದೆ ಕಮ್ಮಿಯಾದ ದಿನ ಸಣ್ಣ ಮಾತಿಗೂ ಅಳು ಬರ್ತದೆ, ಯಾಕೆ?

ಐದೇ ಗಂಟೆ ನಿದ್ದೆ, ಮರುದಿನ ಅಮ್ಮ ಎಂತ ಹೇಳಿದ್ರೂ ಅಳು, ನಾನು ಅಷ್ಟು ವೀಕಾ ಅಂತ ಕೇಳಿದ್ರಲ್ಲ, ಖಂಡಿತ ಅಲ್ಲ ಮಾರಾಯ್ರೆ. ನಿದ್ದೆಗೆಟ್ರೆ ಮೆದುಳಲ್ಲಿ ಭಾವನೆ ನೋಡಿಕೊಳ್ಳುವ ಅಮಿಗ್ಡಲಾ ಎಂಬ ಭಾಗ ಸಣ್ಣದಕ್ಕೂ ಜೋರು ರಿಯಾಕ್ಟ್ ಮಾಡ್ತದೆ, ಅದನ್ನು ಹಿಡಿದಿಡುವ ಮುಂಭಾಗದ ಕಂಟ್ರೋಲ್ ಸಡಿಲ ಆಗ್ತದೆ, ಅದು ನಿಮ್ಮ ಸ್ವಭಾವದ ತಪ್ಪಲ್ಲ. ದೊಡ್ಡವರಿಗೆ 7 ಗಂಟೆಯಾದ್ರೂ ಬೇಕೇ ಬೇಕು.

ನಾನು ಉಡುಪಿಯಲ್ಲಿ ಇರುದು, ಮಲ್ಪೆ ಬೀಚಲ್ಲಿ ಬೆಳಿಗ್ಗೆ ಅರ್ಧ ಗಂಟೆ ಬೀಸ ನಡೆದ ದಿನ ಇಡೀ ಮನಸ್ಸು ಹಗುರ ಇರ್ತದೆ, ಬೆಳಗಿನ ಬೆಳಕು ಬಿದ್ರೆ ರಾತ್ರಿ ನಿದ್ದೆಯೂ ಬೇಗ ಹತ್ತುತ್ತದೆ, ವಾರಕ್ಕೆ 5 ದಿನ ಹೀಗೆ ಮಾಡಿದ್ರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ 150 ನಿಮಿಷದ ವ್ಯಾಯಾಮ ಆಯ್ತು. ಮಳೆಗಾಲದಲ್ಲಿ ಜಗಲಿಯೇ ಸಾಕು. ಸಂಜೆ ಕಾಫಿ ಬಿಡಿ. ಎರಡು ವಾರ ಕಳೆದ್ರೂ ಅಳು ನಿಲ್ಲದಿದ್ರೆ ಡಾಕ್ಟರಿಗೆ ತೋರಿಸಿ, ಇಲ್ಲ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ ಉಂಟು.