ಮರದ ನೆಲದ ಮೇಲೆ ಟೈಲ್ಸ್ ನಿಲ್ಲುತ್ತದೆಯೇ?

ಪ್ರಶ್ನೆ: ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಮಹಡಿಯ ಬಾತ್‌ರೂಮಿಗೆ 12 ಇಂಚಿನ ಸೆರಾಮಿಕ್ ಟೈಲ್ಸ್ ಹಾಕಬೇಕು. ಕೆಳಗಿರುವುದು ಪ್ಲೈವುಡ್. ಊರಲ್ಲಿ ಮಾಡುವಂತೆ ಅದರ ಮೇಲೆಯೇ ಮರಳು-ಸಿಮೆಂಟ್ ಹಾಕಿ ಕೂರಿಸಬಹುದೇ?

ಉತ್ತರ: ಬೇಡಿ. ಮರ ಕಾಲಡಿ ಬಾಗುತ್ತದೆ, ತೇವಕ್ಕೆ ಹಿಗ್ಗುತ್ತದೆ. ಮೊದಲು ಟೈಲ್ಸ್ ಸಂದಿಗೆ ತುಂಬಿದ ಗ್ರೌಟ್ ಬಿರಿಯುತ್ತದೆ, ಆಮೇಲೆ ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು.

ಪ್ಲೈವುಡ್ಡನ್ನು ಹೊತ್ತ ತೊಲೆಯಿಂದ ಶುರುಮಾಡಿ. ಭಾರ ಬಿದ್ದಾಗ ಅದು ತನ್ನ ಉದ್ದದ 360ನೇ ಒಂದು ಭಾಗಕ್ಕಿಂತ ಹೆಚ್ಚು ಬಾಗಬಾರದು. 12 ಅಡಿ ತೊಲೆಗೆ 0.4 ಇಂಚು. ಅಮೃತಶಿಲೆಯಾದರೆ ಅದರಲ್ಲೂ ಅರ್ಧ. ಕಮೋಡ್ ಬುಡದ ಪ್ಲೈವುಡ್ಡಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಕೊಳೆತಿದೆ ಎಂದೇ ಅರ್ಥ, ಆ ಭಾಗ ಕತ್ತರಿಸಿ ಬದಲಿಸಿ. ಕಿರುಗುಟ್ಟುವ ಕಡೆ ತೊಲೆಗೆ ಸ್ಕ್ರೂ ಬಿಗಿಯಿರಿ.

ಪ್ಲೈವುಡ್ ಮೇಲೆ ಕಾಲಿಂಚಿನ ಸಿಮೆಂಟ್ ಬೋರ್ಡ್ (ಸಿಮೆಂಟಿನ ತೆಳು ಹಲಗೆ). ಅದರಡಿ ಹಲ್ಲಿರುವ ಕರಣೆಯಿಂದ ಥಿನ್‌ಸೆಟ್ (ಟೈಲ್ಸ್ ಕೂರಿಸುವ ಸಿಮೆಂಟ್ ಗಾರೆ) ಬಳಿಯಲೇಬೇಕು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ! ಇದು ಅಂಟಿಸಲಿಕ್ಕಲ್ಲ, ಅಡಿಯಲ್ಲಿ ಪೊಳ್ಳು ಉಳಿಯದಿರಲಿಕ್ಕೆ. ಹಸಿಯಿರುವಾಗಲೇ 8 ಇಂಚಿಗೊಂದರಂತೆ ಸಿಮೆಂಟ್ ಬೋರ್ಡಿನದೇ ಸ್ಕ್ರೂ ಹಾಕಿ. ಜಿಪ್ಸಮ್ ಗೋಡೆಗೆ ಹಾಕುವ ಡ್ರೈವಾಲ್ ಸ್ಕ್ರೂ ಆದರೆ ತಲೆ ಮುರಿಯುತ್ತದೆ. ಬೋರ್ಡಿನ ಸಂದು ಪ್ಲೈವುಡ್ ಸಂದಿನ ನೇರಕ್ಕೆ ಬರಬಾರದು. ಬೋರ್ಡುಗಳ ನಡುವೆ 1/8 ಇಂಚು ಬಿಟ್ಟು, ಅಲ್ಲಿ ಥಿನ್‌ಸೆಟ್ ತುಂಬಿ, ಕ್ಷಾರಕ್ಕೆ ಜಗ್ಗದ ಮೆಶ್ ಟೇಪ್ ಹಚ್ಚಿ. ಗೋಡೆಯಂಚಿಗೆ ಕಾಲಿಂಚು ಖಾಲಿ ಇರಲಿ.

ಒಂದು ಮಾತು: ಈ ಬೋರ್ಡ್ ದುರ್ಬಲ ನೆಲವನ್ನು ಗಟ್ಟಿ ಮಾಡುವುದಿಲ್ಲ, ನೀರನ್ನೂ ತಡೆಯುವುದಿಲ್ಲ. ಬಾತ್‌ರೂಮಾದ್ದರಿಂದ ಅದರ ಮೇಲೆ ಜಲನಿರೋಧಕ ಲೇಪ ಬಳಿದು, ಒಣಗಿದ ಮೇಲೆಯೇ ಟೈಲ್ಸ್ ಕೂರಿಸಿ.